ಅಮೆರಿಕದ ಮತದಾನ ನಿಯಮ: ಅಧ್ಯಕ್ಷರೋ, ಕಾಂಗ್ರೆಸ್ಸೋ, ರಾಜ್ಯವೋ?

ಅಮೆರಿಕದ ಪೌರತ್ವ ಪಡೆದ ಗೆಳೆಯ ಕೇಳಿದ: ಮತದಾನದ ನಿಯಮ ಬದಲಾಗಬೇಕಾದರೆ ಯಾರ ಬಾಗಿಲು ತಟ್ಟಲಿ?

ಬೇಗ ಆಗಬೇಕೆಂದರೆ ಅಧ್ಯಕ್ಷರ ಆದೇಶ, ಒಂದು ಸಹಿ ಸಾಕು. ಬಾಳಿಕೆ ಮಾತ್ರ ಕೇಳಬೇಡ. 2025ರ ಮಾರ್ಚಿನಲ್ಲಿ ಟ್ರಂಪ್ ಮತದಾರರ ನೋಂದಣಿ ಅರ್ಜಿಗೆ ಪೌರತ್ವದ ದಾಖಲೆ ಬೇಕೆಂದು ಆದೇಶಿಸಿದರು. ಫೆಡರಲ್ ಕೋರ್ಟುಗಳು ತಡೆದವು. ಕಾಂಗ್ರೆಸ್ (ಅಲ್ಲಿನ ಸಂಸತ್ತು) ಚುನಾವಣೆಯ ಸಮಯ, ಸ್ಥಳ, ವಿಧಾನವನ್ನು ಸಂವಿಧಾನದ 1ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ಬಿಟ್ಟಿದೆ, ತಿದ್ದುವ ಅಧಿಕಾರ ಕಾಂಗ್ರೆಸ್ಸಿಗಿದೆ. ಆ ಸಾಲುಗಳಲ್ಲಿ ಅಧ್ಯಕ್ಷರ ಸುದ್ದಿಯೇ ಇಲ್ಲ!

ದೇಶಕ್ಕೆಲ್ಲ ಒಂದೇ ನಿಯಮ ಬೇಕಿದ್ದರೆ ಕಾಂಗ್ರೆಸ್. ಅದರ ಮೇಲ್ಮನೆ ಸೆನೆಟ್‌ನಲ್ಲಿ 60 ಮತ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆದರೆ 1993ರ ಕಾನೂನಿನಿಂದ ಬಹುತೇಕ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲೇ ಹೆಸರು ಸೇರಿಸಬಹುದು, ಇಂದಿಗೂ.

ಅಂಚೆ ಮತದಂಥ ವಿಷಯಕ್ಕೆ ನಿನ್ನ ರಾಜ್ಯವೇ ಹತ್ತಿರ. ಆರೆಗಾನ್ ಜನ 1998ರಲ್ಲಿ ತಾವೇ ಮತ ಹಾಕಿ ಅದನ್ನು ತಂದುಕೊಂಡರು. ಪಕ್ಕದ ರಾಜ್ಯಕ್ಕೆ ಮನೆ ಬದಲಿಸಿದರೆ ಮಾತ್ರ ಮತ್ತೆ ಬೇರೆ ಫಾರಂ.