ಚಾರಣ ಕೂಟದ ಉಪನ್ಯಾಸ ಮತ್ತು ಸ್ನೇಹಕೂಟ: ಸದಸ್ಯರೊಬ್ಬರ ವಿಮರ್ಶೆ

ನಾನು ಸದಸ್ಯನಾಗಿರುವ ಚಾರಣ ಕೂಟದ ಸಂಜೆಯ ಉಪನ್ಯಾಸಗಳು, ಪ್ರವಾಸದ ಚಿತ್ರಗಳನ್ನು ಪರದೆಯ ಮೇಲೆ ಓಡಿಸಿ ಚಪ್ಪಾಳೆ ಗಿಟ್ಟಿಸುವ ಕಾರ್ಯಕ್ರಮಗಳಲ್ಲ. ಎತ್ತರದ ಪ್ರದೇಶಗಳಲ್ಲಿ ಕಾಡುವ ಕಾಯಿಲೆಯನ್ನು ಕುರಿತು ಮಾತನಾಡಿದ ವೈದ್ಯೆಯೊಬ್ಬರು, 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದನ್ನೂ, ತಲೆನೋವಿನೊಂದಿಗೆ ನಡಿಗೆಯೂ ತಡವರಿಸತೊಡಗಿದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕೆಂಬುದನ್ನೂ ಕಾರಣಸಹಿತ ವಿವರಿಸಿದರು. ನಕ್ಷೆಯ ಪಾಠ ಇನ್ನೂ ಸೊಗಸಾಗಿತ್ತು. 1:50,000 ಪ್ರಮಾಣದ ಹಾಳೆಯನ್ನು ಮೇಜಿನ ಮೇಲೆ ಹರಡಿ, 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್ ಎಂದು ಲೆಕ್ಕ ಹಿಡಿದು, ಬಳಸುದಾರಿಯನ್ನು ದಾರದಿಂದ ನಮ್ಮ ಕೈಯಲ್ಲೇ ಅಳೆಸಿದರು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವ ಕಡೆ ಏರು ಕಡಿದಾಗಿರುತ್ತದೆ ಎಂಬುದು ಆಗ ಸರಿಯಾಗಿ ಮನದಟ್ಟಾಯಿತು.

ಉಪನ್ಯಾಸದ ಬಳಿಕ ನಡೆಯುವ ಸ್ನೇಹಕೂಟದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಹಳೆಯ ಸದಸ್ಯರು ತಮ್ಮತಮ್ಮಲ್ಲೇ ಗುಂಪುಗೂಡಿ ಹಿಂದಿನ ಸಾಹಸಗಳನ್ನು ಮೆಲುಕು ಹಾಕುತ್ತಿದ್ದರೆ (ಹೇಳಿದಷ್ಟು ಸಲವೂ ಶಿಖರ ತುಸು ಬೆಳೆಯುತ್ತದೆ, ಅದಿರಲಿ), ಹೊಸಬರು ಗೋಡೆಗೊರಗಿ ನಿಂತಿರುತ್ತಾರೆ. ಮುಂದಿನ ಚಾರಣಕ್ಕೆ ಜೊತೆಗಾರರು ಸಿಗುವುದು ಇಲ್ಲಿಯೇ ಆದ್ದರಿಂದ ಇದು ಸಣ್ಣ ಕೊರತೆಯಲ್ಲ. ಪರಿಚಯ ಮಾಡಿಸುವ ಹೊಣೆಯನ್ನು ಪ್ರತಿ ಬಾರಿಯೂ ಒಬ್ಬರಿಗೆ ವಹಿಸಬೇಕು. ಸದ್ಯಕ್ಕೆ, ಹೊಸದಾಗಿ ಸೇರುವವರು ಉಪನ್ಯಾಸಕ್ಕೆ ಮುಂಚಿತವಾಗಿಯೇ ಬಂದು ಕುರ್ಚಿ ಜೋಡಿಸುವವರೊಡನೆ ಮಾತಿಗಿಳಿಯುವುದು ಲೇಸು, ಏಕೆಂದರೆ ಸಾಮಾನ್ಯವಾಗಿ ಚಾರಣದ ನಾಯಕರು ಅವರೇ ಆಗಿರುತ್ತಾರೆ.