ಹಿತ್ತಾಳೆ ಚೌಕಟ್ಟೋ, ಉಕ್ಕಿನದೋ?

ಇಟಲಿಯ ಪಿಯೆಟ್ಟಾ ಕಂಪನಿಯ .44 (ನಳಿಗೆಯ ಅಳತೆ, ಇಂಚಿನಲ್ಲಿ) ಕರಿಮದ್ದಿನ ರಿವಾಲ್ವರ್ ಚೌಕಟ್ಟಿನ ಲೋಹದಲ್ಲಿ ಎರಡು ಬಗೆ. ಹಿತ್ತಾಳೆಯದು ಅಗ್ಗ, ನೋಡಲೂ ಚೆಂದ. ಅಮೆರಿಕದ ಅಂತರ್ಯುದ್ಧದಲ್ಲಿ ಉಕ್ಕು ಸಾಲದೆ ದಕ್ಷಿಣದವರು ಹಿತ್ತಾಳೆಗೆ ಕೈಹಾಕಿದ್ದೇನೋ ನಿಜ, ಆದರೆ ಲೋಹ ಮೆದು. ಮದ್ದು ತುಂಬಿ ತುಂಬಿ ಹೊಡೆದರೆ, ಮದ್ದುಗುಂಡು ತುಂಬುವ ಸಿಲಿಂಡರ್ ಹಿಂದಕ್ಕೆ ಬಡಿದು ಚೌಕಟ್ಟಿನ ಮೇಲೆ ಅಚ್ಚೊತ್ತುತ್ತದೆ, ಅದು ತಿರುಗುವ ಕಡ್ಡಿಯೂ ಸಡಿಲವಾಗುತ್ತದೆ. ಹಾಗಾಗಿ ಹಿತ್ತಾಳೆಯದಕ್ಕೆ ಒಂದು ಗುಂಡಿಗೆ 15–20 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ಮದ್ದು ಸಾಕು. ಉಕ್ಕಿನದು 25–30 ಗ್ರೇನ್ ಆರಾಮಾಗಿ ತಾಳುತ್ತದೆ. ಯಾವುದಾದರೂ ಸರಿ, ಕೈಪಿಡಿಯ ಮಿತಿ ದಾಟಬೇಡಿ.

ಮದ್ದು ಕಡಿಮೆಯಿದ್ದಾಗ ಗುಂಡಿನ ಕೆಳಗೆ ಖಾಲಿ ಜಾಗ ಉಳಿಯಬಾರದು; ಮೆಕ್ಕೆಜೋಳದ ರವೆ ತುಂಬಿ. ಹೊಗೆರಹಿತ ಮದ್ದಂತೂ ಎರಡಕ್ಕೂ ಬೇಡವೇ ಬೇಡ, ಸಿಲಿಂಡರ್ ಸಿಡಿದೀತು.

ಅಪರೂಪಕ್ಕೆ ಗುರಿ ಹೊಡೆಯುವವರಿಗೆ ಹಿತ್ತಾಳೆ ನಡೆಯುತ್ತದೆ. ವಾರವಾರ ಹೊಡೆಯುವವರಾದರೆ, ನಾನಂತೂ ಉಕ್ಕಿಗೇ ದುಡ್ಡು ಹಾಕಿ ಅನ್ನುತ್ತೇನೆ.