ಚೀಟಿ ಓದಿ ಔಷಧಿ ಕೊಡುವ ಅಂಗಡಿ: ಕೋಲಾರದ ಪಶು ಔಷಧಿ ಮಳಿಗೆಯೊಂದರ ಬಗ್ಗೆ

ಕೋಲಾರ ಪೇಟೆಯ ಈ ಪಶು ಔಷಧಿ ಅಂಗಡಿಗೆ ನಾನು ಆರು ವರ್ಷಗಳಿಂದ ಹೋಗುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಸೀಮೆಹಸುಗಳಿದ್ದು, ಡೈರಿಗೆ ಹಾಲು ಹಾಕಿಯೇ ಸಂಸಾರ ನಡೆಯುವುದರಿಂದ, ಕೆಚ್ಚಲು ಬಾವು, ಜ್ವರ ಎಂದು ತಿಂಗಳಿಗೊಮ್ಮೆಯಾದರೂ ಅಲ್ಲಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಈಗ ಬರೆಯಲು ಕಳೆದ ತಿಂಗಳಿನ ಒಂದು ಸಂಗತಿ ಕಾರಣ.

ಹಸುವೊಂದು ಕಾಲುನೋವಿನಿಂದ ಏಳಲಾರದೆ ಮಲಗಿಬಿಟ್ಟಿತ್ತು. ಊರಿನಲ್ಲಿ ಸೂಜಿ ಹಾಕುವವರೊಬ್ಬರು ಚೀಟಿಯಲ್ಲಿ ಅಸಿಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ಬರೆದುಕೊಟ್ಟಿದ್ದರು. ಅಂಗಡಿಯ ಮಾಲೀಕರು ಅದನ್ನು ಓದಿ, ಮಡಿಸಿ ಗಾಜಿನ ಮೇಜಿನ ಮೇಲಿಟ್ಟು, "ಇದು ದನಕ್ಕೆ ಕೊಡೋ ಹಾಗಿಲ್ಲ ಅಣ್ಣಾ, 2023ರಲ್ಲೇ ಸರ್ಕಾರ ನಿಲ್ಲಿಸಿದೆ. ಆಸ್ಪತ್ರೆ ಡಾಕ್ಟರಿಗೆ ಫೋನ್ ಮಾಡಿ, ಮೆಲಾಕ್ಸಿಕಾಮ್ ಆಗುತ್ತಾ ಕೇಳಿ" ಎಂದರು. ವೈದ್ಯರು ಒಪ್ಪಿದ ಮೇಲೆಯೇ ಬಾಟಲಿ ಹೊರಗೆ ಬಂತು. ಲೇಬಲ್ಲನ್ನು ನನ್ನ ಕಡೆ ತಿರುಗಿಸಿ, ಅವಧಿ ಮುಗಿಯುವ ತಿಂಗಳಿನ ಮೇಲೆ ಬೆರಳಿಟ್ಟು ತೋರಿಸಿ, ಬಿಲ್ ಹರಿದುಕೊಟ್ಟರು. ಮೂರನೆಯ ದಿನ ಹಸು ಎದ್ದು ನಿಂತಿತು.

ಅವರು ನಿರಾಕರಿಸಿದ್ದು ರಣಹದ್ದುಗಳ ಸಲುವಾಗಿ. ಅಸಿಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಔಷಧಿಯಾಗಿ ಬದಲಾಗುತ್ತದೆ. ಆ ದನ ಸತ್ತು, ಅದರ ಕಳೇಬರವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಬಿಳಿಯ ಪುಡಿಯಂತೆ ಕಟ್ಟಿಕೊಂಡು ಹಕ್ಕಿ ಕೆಲವೇ ದಿನಗಳಲ್ಲಿ ಸಾಯುತ್ತದೆ. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99.9ರಷ್ಟು, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ ಹೀಗೆ ಅಳಿದವು. ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ವಿಷವಾಗಿದ್ದರೂ ಇಂಥ ನಾಶಕ್ಕೆ ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಆ ನಷ್ಟವನ್ನು ತುಂಬಿಕೊಳ್ಳಲಾರದು. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲಿ ನಿಷೇಧಿಸಿದ ಮೇಲೂ ಮನುಷ್ಯರ ಔಷಧಿಯ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದವು. ಆದ್ದರಿಂದಲೇ 2015ರಲ್ಲಿ ಆ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ನಾನು ಚಿಕ್ಕವನಿದ್ದಾಗ ಊರಾಚೆ ಸತ್ತ ಎತ್ತಿನ ಮೇಲೆ ರಣಹದ್ದುಗಳು ಇಳಿದು, ಸಂಜೆಯೊಳಗೆ ಮೂಳೆ ಮಾತ್ರ ಉಳಿಯುತ್ತಿತ್ತು. ಈಗ ಅಲ್ಲಿ ನಾಯಿಗಳ ಹಿಂಡಿದೆ. ಜಟಾಯು ಬಿದ್ದ ಜಾಗವೆಂದು ಗಡಿಯಾಚೆಯ ಲೇಪಾಕ್ಷಿಗೆ ಹೋಗಿ ಕೈಮುಗಿದು ಬರುವ ನಮಗೆ ಇದು ತಿಳಿಯದೇ ಹೋಯಿತಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಅಂದು ಅಂಗಡಿಯಲ್ಲಿದ್ದ ಹಿರಿಯರೊಬ್ಬರು, "ಅಳಿದುಹೋದ ಡೋಡೋ ಹಕ್ಕೀನೇ ಮತ್ತೆ ಹುಟ್ಟಿಸ್ತಾರಂತೆ, ರಣಹದ್ದು ಹುಟ್ಟಿಸೋದು ಯಾವ ಲೆಕ್ಕ ಬಿಡಪ್ಪ" ಎಂದರು. ಅದು ಸುಲಭದ ಲೆಕ್ಕವಲ್ಲ. ಮಾರಿಷಸ್ಸಿನ ಡೋಡೋ ಕಡೆಯದಾಗಿ ಕಂಡದ್ದು 1662ರಲ್ಲಿ. ಅದಕ್ಕೆ ಹತ್ತಿರದ ನೆಂಟ ನಮ್ಮ ನಿಕೋಬಾರ್ ಪಾರಿವಾಳ. ಅದರ ಜೀವಕೋಶಗಳ ವಂಶವಾಹಿಗಳನ್ನು ತಿದ್ದಿ ಡೋಡೋವಿನಂಥ ಹಕ್ಕಿಯನ್ನು ಪಡೆಯಬೇಕೆಂಬುದು ಅಮೆರಿಕದ ಕಂಪನಿಯೊಂದರ ಯೋಜನೆ. ಹುಟ್ಟಿದರೂ ಅದು ತಿದ್ದಿದ ಪಾರಿವಾಳವೇ. ಬದುಕುವುದನ್ನು ಕಲಿಸಲು ಅದಕ್ಕೆ ತಾಯಿ ಡೋಡೋ ಇರುವುದಿಲ್ಲ. ಕೋಟಿಗಟ್ಟಲೆ ಇದ್ದ ಅಮೆರಿಕದ ವಲಸೆ ಪಾರಿವಾಳವನ್ನು ಬೇಟೆಯಾಡಿ ಮುಗಿಸಿ, ಕೊನೆಯದು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತ ಮೇಲೆ, ಈಗ ಅದನ್ನೂ ಮರಳಿ ತರಬೇಕೆಂದು ದುಡಿಯುವವರಿದ್ದಾರೆ. ಆ ವಿದ್ಯೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ರಣಹದ್ದು ಇನ್ನೂ ಬದುಕಿದೆ: ಹರಿಯಾಣದ ಪಿಂಜೋರಿನಲ್ಲಿ ಅದರ ಸಂತಾನಾಭಿವೃದ್ಧಿ ಕೇಂದ್ರವಿದೆ, ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮವಾಗಿದೆ. ಅಂಥ ಕೇಂದ್ರದಲ್ಲಿ ಸಾಕಿ ಬಿಟ್ಟ ಮರಿಗೆ ನಮ್ಮ ಕೊಟ್ಟಿಗೆಯಲ್ಲಿ ಸತ್ತ ದನವೇ ವಿಷವಾದರೆ, ಪ್ರಯೋಗಾಲಯದಲ್ಲಿ ಹುಟ್ಟಿಸಿದ ಹಕ್ಕಿಯ ಗತಿಯೂ ಅದೇ. ನನ್ನ ಪಾಲಿಗೆ ಈ ಅಂಗಡಿಯ ಮೇಜು ಆ ಪ್ರಯೋಗಾಲಯಕ್ಕಿಂತ ಹೆಚ್ಚಿನದು.

ಉಳಿದಂತೆ, ಲಸಿಕೆಗಳನ್ನು ಫ್ರಿಜ್ಜಿನಲ್ಲಿಟ್ಟು ಮಂಜುಗಡ್ಡೆಯ ಜೊತೆ ಕಟ್ಟಿಕೊಡುತ್ತಾರೆ, ಮುದ್ರಿತ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವುದಿಲ್ಲ. ಕೊರತೆಯೂ ಇದೆ: ಬೆಳಿಗ್ಗೆ ಡೈರಿಯ ಹೊತ್ತು ಮುಗಿದ ಮೇಲೆ ವಿಪರೀತ ನೂಕುನುಗ್ಗಲು, ಗಾಡಿ ನಿಲ್ಲಿಸಲು ಜಾಗವಿಲ್ಲ. ಯಾವ ಔಷಧಿಗಳನ್ನು ದನಕ್ಕೆ ಕೊಡಬಾರದು ಎಂಬ ಕನ್ನಡದ ಫಲಕವೊಂದನ್ನು ಹಾಕಿ ಎಂದು ಕೇಳಿದೆ. ಬರೆದುಕೊಟ್ಟರೆ ಗಾಜಿಗೆ ಅಂಟಿಸುವುದಾಗಿ ಹೇಳಿದ್ದಾರೆ, ಬರೆಯುತ್ತಿದ್ದೇನೆ. ಹೋಗುವವರು ಪಶುವೈದ್ಯರ ಚೀಟಿಯನ್ನು ತಪ್ಪದೆ ಒಯ್ಯಬೇಕು. ಭಾನುವಾರ ಮಧ್ಯಾಹ್ನದ ನಂತರ ಬಾಗಿಲು ಹಾಕಿರುತ್ತದೆ.